ಮನೆ ಕೇಳಿದರೆ ತೆಂಗಿನಕಾಯಿ ಕೊಟ್ಟರು

ಕಂಕುಳಲ್ಲಿ ಕೂಸು ಇಟ್ಟುಕೊಂಡು ಬಾಡಿಗೆ ಮನೆ ಹುಡುಕಿದ್ದೀರಾ, ನಿಮ್ಮಲ್ಲಿ ಯಾರಾದರೂ? ಫೋನಿನಲ್ಲಿ "ಬನ್ನಿ ಬನ್ನಿ, ಮನೆ ಖಾಲಿ ಐತೆ" ಎಂದ ಅದೇ ಮನುಷ್ಯ, ನಿಮ್ಮ ಕೈಯಲ್ಲಿದ್ದ ಬಟ್ಟೆಯ ಗಂಟು ಅಲುಗಾಡಿದ್ದು ಕಂಡ ಕೂಡಲೇ "ಅಯ್ಯೋ, ನಿನ್ನೆ ತಾನೇ ಯಾರೋ ಅಡ್ವಾನ್ಸ್ ಕೊಟ್ಬುಟ್ರು" ಎಂದದ್ದು ನಿಮಗೂ ಆಗಿದೆಯಾ? ಆಗಿದ್ದರೆ ಇದನ್ನು ಓದಿ, ಸಮಾಧಾನವಾಗುತ್ತದೆ. ಆಗಿಲ್ಲದವರೂ ಓದಿ. ಬೇರೆಯವರ ಪೇಚಾಟ ಓದುವುದಕ್ಕೆ ಯಾರ ಅಪ್ಪಣೆ ಬೇಕು.

ನಾನು ಆಗ ಹಾನುಬಾಳಿನಲ್ಲಿ ಹೈಸ್ಕೂಲು ಟೀಚರು. ಈಗಲೂ ಅಲ್ಲೇ, ಅದೇ ಕುರ್ಚಿ. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗದೆ, ಇನ್ನು ಆಗುವುದಿಲ್ಲ ಎಂದು ಸುತ್ತಲಿನವರೆಲ್ಲ ಕೇಳುವುದನ್ನೂ ನಿಲ್ಲಿಸಿದ ಮೇಲೆ, ನಲವತ್ತರ ಹತ್ತಿರ ನನಗೆ ಮಗಳು ಹುಟ್ಟಿದಳು. ಗಂಡ ಹೆತ್ತೂರು ಕಡೆ ಒಂದು ಎಸ್ಟೇಟಿನಲ್ಲಿ ರೈಟರು. ಬೆಳಗ್ಗೆ ಆಳುಗಳ ಹಾಜರಿ ಬರೆಯುವುದು, ಸಂಜೆ ಕುಯ್ದ ಕಾಫಿಯ ತೂಕ ಬರೆಯುವುದು ಅವರ ಕೆಲಸ. ಎಸ್ಟೇಟಿನವರು ಕೊಟ್ಟ ಒಂದು ಕೋಣೆಯಲ್ಲಿ ಅವರಿದ್ದರು. ಹಾನುಬಾಳಿನಲ್ಲಿ ನಮ್ಮ ಶಾಲೆಯದೇ ಇನ್ನೊಬ್ಬ ಟೀಚರ ಜೊತೆ ಒಂದು ಕೋಣೆ ಹಂಚಿಕೊಂಡು ನಾನಿದ್ದೆ. ಹೆತ್ತೂರು ಒಂದು ತುದಿ, ಹಾನುಬಾಳು ಇನ್ನೊಂದು ತುದಿ. ಮಧ್ಯೆ ಸಕಲೇಶಪುರದಲ್ಲಿ ಬಸ್ಸು ಬದಲಾಯಿಸಬೇಕು. ಭಾನುವಾರದ ಸಂಸಾರ ನಮ್ಮದು.

ನನ್ನ ತಾಯಿ ಇಲ್ಲ. ಹಾಗಾಗಿ ಬಾಣಂತನ ಮಾಡಿದ್ದು ಅತ್ತೆ, ಆಲೂರಿನ ಹತ್ತಿರದ ಹಳ್ಳಿಯಲ್ಲಿ. ಚೆನ್ನಾಗಿಯೇ ಮಾಡಿದರು. ಅದೇ ತೊಂದರೆಯಾಯಿತು. ಐದು ತಿಂಗಳು ದಿನಾ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಆ ಕೂಸು ತಮ್ಮದೇ ಎಂಬ ತೀರ್ಮಾನಕ್ಕೆ ಬಂದಿದ್ದರು. ನಾನು ನಡುವೆ ಬಂದು ಹಾಲು ಕೊಟ್ಟು ಹೋಗುವ ಯಾರೋ.

ಹೆರಿಗೆ ರಜೆ ಮುಗಿಯುವ ಹೊತ್ತಿಗೆ ಮಾತು ಬಂತು.

"ಕೂಸು ನನ್ನ ಹತ್ರನೇ ಇರ್ಲಿ ಕಣೆ," ಎಂದರು ಅತ್ತೆ. "ನೀನು ಶನಿವಾರ ಸಂಜೆ ಬಾ, ಸೋಮವಾರ ಬೆಳಗ್ಗೆ ಹೋಗು. ಬಾಟ್ಲಿ ಹಾಲು ಕುಡ್ದು ಬೆಳೆದೋರು ಏನು ಕುಳ್ಳಾಗವ್ರಾ?"

"ನಾನು ಅಲ್ಲೇ ಮನೆ ಮಾಡ್ತೀನಿ ಅತ್ತೆ. ಶಾಲೆ ಹತ್ತಿರ. ಮಧ್ಯಾಹ್ನ ಬೆಲ್ ಹೊಡೆದ ಕೂಡಲೇ ಓಡಿಬಂದು ಹಾಲು ಕೊಟ್ಟು ಹೋಗಬಹುದು."

"ಬೆಳಗ್ಗಿಂದ ಮಧ್ಯಾಹ್ನದ ತಂಕ ಯಾರು ನೋಡ್ಕತಾರೆ?"

"ನೀವು ಬನ್ನಿ."

"ನನ್ನ ಕೋಳಿ ಯಾರು ನೋಡ್ಕತಾರೆ?"

ಯಾರಾದರೂ ಹೆಂಗಸನ್ನು ಗೊತ್ತು ಮಾಡುತ್ತೇನೆ ಎಂದೆ. ಕಾಫಿ ಕುಯ್ಲಿನ ಕಾಲ. ಒಂದು ದಿನ ಹಣ್ಣು ಕುಯ್ದರೆ ಸಿಗುವ ಕೂಲಿ ಬಿಟ್ಟು ನನ್ನ ಮಗು ಎತ್ತಿಕೊಳ್ಳಲು ಯಾರು ಬರುತ್ತಾರೆ ಎಂದು ಅತ್ತೆ ಕೇಳಲಿಲ್ಲ, ಮುಖದಲ್ಲೇ ಹೇಳಿದರು. ಕೊನೆಗೆ ಗಂಡನ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾಯಿತು. ರಜೆ ಮುಗಿಯುವುದರೊಳಗೆ ಮನೆ ಸಿಕ್ಕರೆ ಮಗು ನನ್ನ ಜೊತೆ. ಸಿಗದಿದ್ದರೆ ಆಲೂರು. ಅಷ್ಟು ವರ್ಷ ಕಾದು ಹೆತ್ತ ಮಗಳನ್ನು ನೋಡಲು ಶನಿವಾರದ ಕೊನೇ ಬಸ್ಸು ಕಾಯುವುದನ್ನು ನೆನೆದು ಅವತ್ತೇ ಹಾನುಬಾಳಿನಲ್ಲಿ ಖಾಲಿ ಇರುವ ಮನೆಗಳನ್ನು ಫೋನಿನಲ್ಲಿ ವಿಚಾರಿಸಿ ಪಟ್ಟಿ ಮಾಡಿದೆ.

ನನ್ನ ಜೊತೆ ಕೋಣೆಯಲ್ಲಿದ್ದ ಟೀಚರು ತಮ್ಮ ಊರಿಗೆ ಹೋಗಿದ್ದರಿಂದ, ಆ ಕೋಣೆಯಲ್ಲಿ ಒಂದು ವಾರ ಬೀಡು ಬಿಟ್ಟು ಮನೆ ಹುಡುಕುವುದೆಂದಾಯಿತು. ನಾನು, ಮಗಳು, ಮತ್ತು ಅತ್ತೆ. ಅತ್ತೆ ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ.

"ಮನೆ ನೋಡಕ್ಕೆ ಹಿರೇರು ಒಬ್ರು ಬೇಡ್ವಾ?" ಎಂದಿದ್ದರು.

ಮೊದಲ ಮನೆ ಒಂದು ಕಿರಾಣಿ ಅಂಗಡಿಯ ಹಿಂದೆ. ಹೊಸ ತಾರಸಿ ಮನೆ, ಎರಡು ಕೋಣೆ, ಶಾಲೆಯ ಗಂಟೆ ಕೇಳುವಷ್ಟು ಹತ್ತಿರ. ಮನೆಯವರು ಅಂಗಡಿಯವರೇ. ಹಣೆಯಲ್ಲಿ ವಿಭೂತಿ, ಮಾತಿನಲ್ಲಿ ನಯ.

"ನಾವು ಲಿಂಗ ಕಟ್ಟೋ ಜನ ಕಣಮ್ಮ. ಬೇಜಾರು ಮಾಡ್ಕಬೇಡಿ, ಮೊದಲೇ ಕೇಳ್ಬುಡ್ತೀನಿ. ನೀವು ತಿನ್ನೋರಾ?"

"ತಿನ್ನೋರೇ ಸರ್. ಆದರೆ ಈ ಮನೆಯಲ್ಲಿ ಮಾಡಲ್ಲ. ಊರಿಗೆ ಹೋದಾಗ ತಿಂದ್ಕೊಂಡು ಬರ್ತೀವಿ."

"ಮೊಟ್ಟೆ?"

"ಅದೂ ಊರಲ್ಲೇ."

"ಕೂಸಿಗೆ?"

"ಅದಕ್ಕಿನ್ನೂ ಹಲ್ಲೇ ಬಂದಿಲ್ಲ ಸರ್."

ಅವರು ನಕ್ಕರು. ಮನೆ ಸಿಕ್ಕೇಬಿಟ್ಟಿತು ಎಂದುಕೊಂಡೆ. ಕಿಟಕಿಗೆ ಯಾವ ಬಣ್ಣದ ಪರದೆ ಹಾಕಲಿ ಎಂದು ಯೋಚಿಸುತ್ತಿದ್ದೆ. ಆಗ ಅತ್ತೆ ಬಾಯಿ ಬಿಟ್ಟರು.

"ಹಲ್ಲು ಯಾಕೆ ಬೇಕು? ನಮ್ಮನೇಲಿ ಆರು ತಿಂಗಳು ತುಂಬ್ತಿದ್ದಂಗೆ ನಾಟಿಕೋಳಿ ಸಾರಿನ ತಿಳಿನ ಬೆರಳಲ್ಲಿ ಅದ್ದಿ ನೆಕ್ಕಿಸ್ತೀವಿ. ಇವಳ ಗಂಡಂಗೂ ಹಂಗೇ ಮಾಡಿದ್ದು. ಬಂದಾಗ ನೋಡೀರಂತೆ, ಎಂಗವ್ನೆ."

ಅಂಗಡಿಯವರ ನಗು ಅಲ್ಲೇ ನಿಂತಿತು. ಆರು ತಿಂಗಳು ತುಂಬುವುದಕ್ಕೆ ಎಷ್ಟು ದಿನ ಬಾಕಿ ಎಂದು ಅವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುವುದು ನನಗೆ ಕಾಣುತ್ತಿತ್ತು. "ಮನೇಲಿ ಒಂದ್ ಮಾತು ಕೇಳಿ ಹೇಳ್ತೀನಿ ಕಣಮ್ಮ" ಎಂದರು. ಅವರ ಹೆಂಡತಿ ಬಾಗಿಲ ಹಿಂದೆಯೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನೇರ ಅಡುಗೆಮನೆಗೆ ಹೋದರು.

ಹೊರಗೆ ಬರುವಾಗ ಅವರ ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು, ಒಂದು ಅಚ್ಚು ಬೆಲ್ಲ. ಮಗಳ ತುಟಿಗೆ ಒಂದು ಚೂರು ಸಕ್ಕರೆ ಸವರಿದರು.

"ಕೂಸು ಮೊದಲ ಸಲ ಬಂದೈತೆ. ಬರಿಗೈಲಿ ಕಳಿಸಬಾರದು."

ನಮ್ಮ ಕಡೆ ಈ ಪದ್ಧತಿ ನಿಮಗೆ ಗೊತ್ತಿರುತ್ತದೆ. ಎಳೆಗೂಸು ಮೊದಲ ಸಲ ಯಾರ ಮನೆಗೆ ಬಂದರೂ ಕೈಯಲ್ಲಿ ಏನಾದರೂ ಕೊಟ್ಟೇ ಕಳಿಸಬೇಕು. ನೆಂಟರಾಗಲಿ, ಗುರುತಿಲ್ಲದವರಾಗಲಿ. ಮನೆ ಬಾಡಿಗೆಗೆ ಕೇಳಲು ಬಂದ ಕೂಸಿಗೂ ಅದು ಅನ್ವಯಿಸುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ನಾನು ಮನೆಯಿಲ್ಲದೆ ಹೊರಬಂದೆ. ಅತ್ತೆ ಸೆರಗಿನಲ್ಲಿ ತೆಂಗಿನಕಾಯಿ ಕಟ್ಟಿಕೊಂಡು ಹೊರಬಂದರು.

"ಒಳ್ಳೆ ಜನ," ಎಂದರು.

ಎರಡನೆಯದು ಊರಿನಿಂದ ಸ್ವಲ್ಪ ಆಚೆ, ತೋಟದ ಅಂಚಿನಲ್ಲಿ. ಮನೆ ನೋಡಿ ನನಗೆ ಗಾಬರಿಯೇ ಆಯಿತು. ಬಿಸಿನೀರು, ದೊಡ್ಡ ಮಂಚ, ಹೊರಗೆ ಉಯ್ಯಾಲೆ. ನನ್ನ ಸಂಬಳಕ್ಕೆ ಇದು ಹೇಗೆ ಎಂದುಕೊಳ್ಳುವಾಗ ಮನೆಯ ಹುಡುಗ, ಮೂವತ್ತರೊಳಗಿನ ಬೆಳೆಗಾರ, ಬಾಡಿಗೆ ಹೇಳಿದ. ಕಮ್ಮಿ. ತೀರಾ ಕಮ್ಮಿ. ಎಲ್ಲೋ ಏನೋ ಇದೆ ಎಂದು ಆಗಲೇ ತಿಳಿಯಬೇಕಿತ್ತು.

"ಸೋಮವಾರದಿಂದ ಶುಕ್ರವಾರ ಆರಾಮಾಗಿ ಇರಿ ಮೇಡಂ, ನಿಮ್ಮನೆ ತರ," ಎಂದ. "ಶನಿವಾರ ಭಾನುವಾರ ಮಾತ್ರ ಖಾಲಿ ಮಾಡ್ಬೇಕು."

"ಖಾಲಿ ಅಂದರೆ?"

"ಹೋಂಸ್ಟೇ ಅಲ್ವಾ ಮೇಡಂ. ಶನಿವಾರ ಬೆಳಗ್ಗೆಯಿಂದ ಪಾರ್ಟಿ ಬರ್ತಾರೆ. ವಾರದ ದಿನ ಸುಮ್ನೆ ಬೀಗ ಹಾಕಿರತ್ತೆ, ಅದಕ್ಕೇ ಕೊಡೋಣ ಅಂತ."

"ನನ್ನ ಪಾತ್ರೆ ಪಡಗ?"

"ಮಂಚದ ಕೆಳಗೆ ಜಾಗ ಐತೆ."

"ತೊಟ್ಟಿಲು ಎಲ್ಲಿ ಎತ್ತಿಡ್ಲಪ್ಪ?" ಎಂದರು ಅತ್ತೆ.

"ತೊಟ್ಟಿಲು ಇರ್ಲಿ ಆಂಟಿ, ಬೆಂಗಳೂರಿನೋರು ಫೋಟೋ ತಕ್ಕತಾರೆ."

ಕೆಟ್ಟ ಹುಡುಗ ಏನಲ್ಲ. ಅವನಿಗೆ ಅದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಸತ್ಯ ಹೇಳಬೇಕೆಂದರೆ ಒಂದು ಕ್ಷಣ ನಾನೂ ಯೋಚಿಸಿದೆ. ಶನಿವಾರ ಭಾನುವಾರ ಹೇಗೂ ಆಲೂರಿಗೆ ಹೋಗುವುದಲ್ಲವೇ. ಅಷ್ಟರಲ್ಲಿ ಅತ್ತೆ ಕೇಳಿದರು: "ಒದ್ದೆ ಬಟ್ಟೆ ಎಲ್ಲಿ ಒಣಗ್ಸೋದು? ಈ ಕೂಸು ಗಂಟೆಗೆ ನಾಕು ಸಲ ಉಚ್ಚೆ ಹುಯ್ಯತ್ತೆ. ಆ ಮಂಚದ್ ಮೇಲೇ ಹುಯ್ಯತ್ತೆ ನೋಡು, ಎತ್ತರದ್ ಜಾಗ ಅಂದ್ರೆ ಅದಕ್ಕೆ ಇಷ್ಟ."

ಹುಡುಗ ಬಿಳೀ ಹಾಸಿಗೆಯನ್ನು ನೋಡಿದ. ಮಗಳನ್ನು ನೋಡಿದ. ಅವಳು ಅವನನ್ನು ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಳು.

ಒಂದು ಬಾಟಲಿ ಜೇನುತುಪ್ಪ, ಒಂದು ಗೊನೆ ಪುಟ್ಟಬಾಳೆ. "ಅಮ್ಮ ಇಲ್ಲ ಮನೇಲಿ, ಇದ್ದಿದ್ರೆ ಕುಬ್ಸದ ಬಟ್ಟೆ ಕೊಡೋರು" ಎಂದು ನಾಚಿಕೊಂಡ. ಗೊನೆಯನ್ನು ನಾನು ಹೊತ್ತೆ.

ಅವತ್ತು ಸಂಜೆ ಗಂಡ ಫೋನು ಮಾಡಿದರು. "ಮನೆ ಸಿಕ್ತಾ?"

"ಇಲ್ಲ. ಬಾಳೆಗೊನೆ ಸಿಕ್ತು."

"ಏನು?"

"ಜೇನುತುಪ್ಪನೂ ಸಿಕ್ತು. ನೀವು ಬಂದಾಗ ತಿನ್ನಿ."

ಮೂರನೆಯ ಮನೆಗೆ ಹೋಗುವಾಗ ನಾನು ಬುದ್ಧಿ ಕಲಿತಿದ್ದೆ. ದಾರಿಯಲ್ಲೇ ಅತ್ತೆಗೆ ಹೇಳಿದೆ, "ನೀವು ಅಲ್ಲಿ ಏನೂ ಮಾತಾಡಬೇಡಿ." ಅವರು ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು ತಲೆಯಾಡಿಸಿದರು. ಬಾಯಿ ತುಂಬಾ ಎಲೆ ಅಡಿಕೆ ಇದ್ದರೆ ಮಾತಾಡಲಾಗದು ಎಂದು ನಾನೂ ನಂಬಿದೆ.

ಹಳೆಯ ಬೆಳೆಗಾರರ ಮನೆ ಅದು. ಪಕ್ಕದಲ್ಲಿ ಎರಡು ಕೋಣೆಯ ಹೆಂಚಿನ ಮನೆ ಬೇರೆ ಇತ್ತು. ಯಜಮಾನರು ಬೀಗ ತೆಗೆದರು. ಮೊದಲ ಕೋಣೆ ಚೊಕ್ಕವಾಗಿತ್ತು. ಎರಡನೆಯದರ ಬಾಗಿಲು ತೆರೆದರೆ ನೆಲದಿಂದ ಸೂರಿನವರೆಗೆ ಕಾಫಿ ಮೂಟೆ.

"ಇದನ್ನ ಯಾವಾಗ ತೆಗೀತೀರಿ ಸರ್?"

"ರೇಟ್ ಬಂದ ಕೂಡ್ಲೆ."

"ರೇಟ್ ಯಾವಾಗ ಬರುತ್ತೆ?"

ಅವರು ಹತ್ತಿರದ ಮೂಟೆಯೊಂದನ್ನು ತಟ್ಟಿದರು. "ಹೋದ್ ವರ್ಷದ್ದೂ ಇದ್ರಲ್ಲೇ ಐತೆ," ಎಂದರು.

ಇರಲಿ. ಒಂದು ಕೋಣೆ ಸಾಕು ಎಂದುಕೊಂಡೆ. ತೊಟ್ಟಿಲಿಗೆ ಜಾಗ ಇದೆ, ನನಗೊಂದು ಚಾಪೆಗೆ ಜಾಗ ಇದೆ. ಕಾಫಿ ಮೂಟೆಗಳು ರಾತ್ರಿ ಎದ್ದು ಅಳುವುದಿಲ್ಲ, ಮನೆಯೊಳಗೆ ಅಷ್ಟಾದರೂ ಶಾಂತಿ. ಒಪ್ಪಿದೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅಂಗಳದ ಮೂಲೆಗೆ ಹೋಗಿ ಉಗಿದು ಬಂದರು.

"ಸ್ವಾಮಿ, ಮೂಟೆ ಕೋಣೆಗೆ ಬೇರೆ ಬಾಗ್ಲು ಇಲ್ವಲ್ಲ. ನೀವು ನಡುರಾತ್ರೀಲಿ ಲೋಡ್ ಮಾಡಕ್ಕೆ ಆಳು ಕರ್ಕಂಡ್ ಬಂದ್ರೆ, ನಮ್ಮ ಕೂಸು ಎದ್ದು ಚೀರಾಡ್ತದೆ. ಚೀರಿದ್ರೆ ಈ ಹೆಂಚು ನಿಲ್ಲಾಕಿಲ್ಲ. ಆಮೇಲೆ ಆಲೂರಿನೋರು ಮೊದ್ಲೇ ಹೇಳ್ಲಿಲ್ಲ ಅನ್ನಬಾರ್ದು."

ಯಜಮಾನರು ಹೂಂ ಎಂದರು. ಉಹೂಂ ಎನ್ನಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದರು. ಆಶ್ಚರ್ಯವೆಂದರೆ ಯಾರೂ ಒಳಗೆ ಹೋಗಲಿಲ್ಲ, ಯಾರೂ ತಟ್ಟೆ ತರಲಿಲ್ಲ. ಇಷ್ಟು ದಿನದಲ್ಲಿ ನನಗೆ ಒಂದು ಲಕ್ಷಣ ಗೊತ್ತಾಗಿತ್ತು. ಮನೆಯೊಡತಿ ಅಡುಗೆಮನೆ ಕಡೆ ತಿರುಗಿದರೆ ಮನೆ ಇಲ್ಲ. ಇಲ್ಲಿ ಯಾರೂ ತಿರುಗಲಿಲ್ಲ. ಹಗುರವಾಗಿ ಗೇಟಿನ ತನಕ ಬಂದೆ. ಹಿಂದೆ ಚಪ್ಪಲಿ ಸಪ್ಪಳ.

"ನಿಂತ್ಕಳಿ, ನಿಂತ್ಕಳಿ, ಕೂಸು ಬರಿಗೈಲಿ ಹೋಯ್ತಾ ಐತೆ."

ಕುಂಬಳಕಾಯಿ. ಹಸುಗೂಸಿಗಿಂತ ಭಾರವಾದದ್ದು. ಯಜಮಾನರ ಹೆಂಡತಿ ಅದನ್ನು ಓಡಿ ಓಡಿ ತಂದಿದ್ದರು. ನನ್ನ ಮುಖ ಹೇಗಾಯಿತೋ, "ಯಾಕಮ್ಮ, ಕುಂಬಳಕಾಯಿ ಆಗಾಕಿಲ್ವಾ ನಿಮ್ಗೆ?" ಎಂದರು ಪಾಪ.

ಕೋಣೆಗೆ ಬಂದು ನಾನು ಚೀಲಗಳ ಮಧ್ಯೆ ಕುಳಿತೆ. ಅತ್ತೆ ಬಾಳೆಹಣ್ಣು ಸುಲಿಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಅತ್ತೆ, ನೀವು ಬೇಕು ಅಂತಾನೇ ಮಾಡ್ತಿದ್ದೀರ."

"ಏನ್ ಮಾಡ್ದೆ? ನಾನು ಸುಳ್ಳು ಹೇಳಿದ್ನಾ? ಕೂಸು ಅಳಾಕಿಲ್ವಾ? ಉಚ್ಚೆ ಹುಯ್ಯಾಕಿಲ್ವಾ?"

"ಮನೆ ಸಿಗಬಾರದು ಅಂತ ನಿಮಗೆ."

ಅವರು ಹಣ್ಣಿನ ಒಂದು ತುದಿ ಮುರಿದು ನನ್ನ ಕೈಗಿಟ್ಟರು. "ಸಿಗ್ಲಿ ಅಂತಾನೇ ಬಂದೀನಿ ಕಣೆ. ಸಿಗ್ನಿಲ್ಲ ಅಂದ್ರೆ ನಂಗೇನು ಬೇಜಾರಿಲ್ಲ, ಅಷ್ಟೇ." ಆಮೇಲೆ ತೊಟ್ಟಿಲಿನಂತೆ ಕಟ್ಟಿದ್ದ ಸೀರೆಯ ಕಡೆ ನೋಡಿ ದನಿ ತಗ್ಗಿಸಿದರು. "ಅದಿಲ್ದೆ ಬೆಳಗ್ಗೆ ಎದ್ದು ನಾನೇನು ಮಾಡ್ಲಿ, ನೀನೇ ಹೇಳು."

ನಾನು ಜಗಳಕ್ಕೆ ಸಿದ್ಧವಾಗಿ ಕುಳಿತಿದ್ದವಳು. ನನಗೂ ಅದೇ ಪ್ರಶ್ನೆ ಇತ್ತು, ಆಲೂರಿನ ಬದಲು ಹಾನುಬಾಳಿನಲ್ಲಿ. ಕೈಯಲ್ಲಿದ್ದ ಹಣ್ಣು ತಿಂದೆ. ಚೆನ್ನಾಗಿಯೇ ಇತ್ತು, ಹಾಳಾದ್ದು.

ರಜೆ ಮುಗಿಯಲು ಇನ್ನು ಕೈಬೆರಳೆಣಿಕೆಯ ದಿನ. ಉಳಿದದ್ದು ಒಂದೇ ಮನೆ. ಅದನ್ನು ನಾನು ಕೊನೆಗೆ ಇಟ್ಟಿದ್ದೆ, ಯಾಕೆಂದರೆ ಆ ಮನೆಯ ಯಜಮಾನಿಯ ಬಾಯಿ ಇಡೀ ಹೋಬಳಿಗೆ ಗೊತ್ತು. ಸಣ್ಣ ಹಿಡುವಳಿಯವರು, ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ. ಮನೆಯ ಒಂದು ಪಕ್ಕ ಬೇರೆ ಬಾಗಿಲಿನ ಎರಡು ಕೋಣೆ. ಹಿಂದಿನ ವರ್ಷ ಅಲ್ಲಿದ್ದ ಬಾಡಿಗೆಯವರು ಆ ಅಮ್ಮನ ಮಾತು ತಾಳಲಾರದೆ ಬಿಟ್ಟು ಹೋದರು ಎಂದು ಕೇಳಿದ್ದೆ.

ಹೋದಾಗ ಯಜಮಾನರು ಜಗಲಿಯಲ್ಲಿ ಕುಳಿತು ಮೆಣಸು ಹಸನು ಮಾಡುತ್ತಿದ್ದರು. "ನಮ್ಮೋಳನ್ನ ಕೇಳಿ" ಎಂದು ತಲೆ ತಗ್ಗಿಸಿದವರು ಮತ್ತೆ ಎತ್ತಲಿಲ್ಲ. ಅಷ್ಟರಲ್ಲಿ ನನ್ನ ಮಗಳು, ಆವರೆಗೂ ಸುಮ್ಮನಿದ್ದವಳು, ಮಾಡಬಾರದ್ದನ್ನು ಮಾಡಿಕೊಂಡಳು. ಬಟ್ಟೆ, ನನ್ನ ಸೀರೆ, ಬೆನ್ನಿನ ತನಕ. ಮಾಡಿಕೊಂಡು ಕಿರುಚತೊಡಗಿದಳು. ಇಲ್ಲೂ ಮನೆ ಹೋಯಿತು ಎಂದುಕೊಂಡೆ. ಅತ್ತೆಯ ಮುಖದಲ್ಲಿ ಸಣ್ಣ ತೃಪ್ತಿ.

ಯಜಮಾನಿ ಒಳಗಿನಿಂದ ಬಂದರು. ಮನೆ ಯಾರಿಗೆ, ಎಷ್ಟು ಜನ, ಯಾವ ಊರು, ಏನೂ ಕೇಳಲಿಲ್ಲ. ನನ್ನ ಕೈಯಿಂದ ಕೂಸನ್ನು ಎತ್ತಿಕೊಂಡು ನೇರ ಬಚ್ಚಲಿಗೆ ನಡೆದರು. ಗೋಡೆಗೆ ಕೂರಿಸಿದ ತಾಮ್ರದ ಹಂಡೆ, ಕೆಳಗೆ ಸೌದೆ ಉರಿ, ಮೇಲೆ ಅಡ್ಡಕ್ಕೆ ಕಟ್ಟಿದ ಬಿದಿರು. ಕಾಲು ಚಾಚಿ ಮಣೆ ಮೇಲೆ ಕುಳಿತು ಮಗಳನ್ನು ಮಲಗಿಸಿಕೊಂಡೇಬಿಟ್ಟರು. ನಾನೂ ಅತ್ತೆಯೂ ಬಚ್ಚಲ ಬಾಗಿಲಲ್ಲಿ ನಿಂತೆವು.

"ನೀರು ಬಾಳ ಬಿಸಿ ಐತೆ," ಎಂದರು ಅತ್ತೆ.

"ಯಾವೂರು ನಿಮ್ದು?"

"ಆಲೂರು."

"ಅಲ್ಲಿ ತಣ್ಣೀರು ಹಾಕ್ತಾರಾ ಕೂಸಿಗೆ?"

ಅತ್ತೆ ಬಾಯಿ ತೆರೆದವರು ಹಾಗೇ ಮುಚ್ಚಿದರು. ನನ್ನ ಸಂಸಾರದಲ್ಲಿ ಅದನ್ನು ನಾನು ನೋಡಿದ್ದು ಮೊದಲ ಸಲ.

ಯಜಮಾನಿ ಮಗಳ ತಲೆಯ ಮೇಲೆ ಅಂಗೈ ಇಟ್ಟು ಒಂದು ಸುತ್ತು ಸವರಿದರು. ಕೈ ನಿಂತಿತು. "ಈ ಕೂಸಿಗೆ ದಿನಾ ನೀರು ಹಾಕಿದ್ದು ಯಾರು?"

"ಯಾಕೆ?" ಎಂದರು ಅತ್ತೆ.

"ತಲೆ ಒಂದ್ ಕಡೆ ಚಪ್ಪಟೆ ಆಗೈತೆ. ಮೂಗನ್ನಂತೂ ಯಾರೂ ತಿದ್ದೇ ಇಲ್ಲ. ಹೆಣ್ಣು ಕೂಸು ಕಣ್ರೀ ಇದು. ಯಾರೋ ಅರ್ಜೆಂಟಲ್ಲಿ ಬಸ್ಸಿಗೆ ಹೋಗೋರು ಹಾಕ್ದಂಗೈತೆ ನೀರು."

ನಾನು ಗೋಡೆ ನೋಡಿದೆ. ನಗು ಬರುತ್ತಿತ್ತು, ಭಯವೂ ಆಗುತ್ತಿತ್ತು. ಅತ್ತೆಗೆ ಏನು ಬೇಕಾದರೂ ಹೇಳಬಹುದು. ಅಡುಗೆಗೆ ಉಪ್ಪು ಜಾಸ್ತಿ ಎನ್ನಬಹುದು, ಮಗ ದಡ್ಡ ಎನ್ನಬಹುದು. ಆದರೆ ಅವರ ಹಳ್ಳಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ನೀರು ಹಾಕಲು ಕರೆಯುವುದು ಅವರನ್ನೇ.

"ನಾನು ಹಾಕಿದ್ದು," ಎಂದರು ಅತ್ತೆ. "ನನ್ನ ಕೈಲಿ ನೀರು ಹುಯ್ಸ್ಕಂಡ ಮಕ್ಕಳು ಇವತ್ತು ಮಿಲಿಟರೀಲವ್ರೆ."

"ಟೋಪಿ ಹಾಕ್ಕಂಡಿರ್ತಾರೆ ಬಿಡಿ, ತಲೆ ಕಾಣಾಕಿಲ್ಲ."

ಜಗಲಿಯಿಂದ ಯಜಮಾನರು ಕೆಮ್ಮಿದರು. ಅದು ನಗುವೋ ಎಚ್ಚರಿಕೆಯೋ ಗೊತ್ತಾಗಲಿಲ್ಲ.

ಅತ್ತೆ ಈಗ ತಮ್ಮ ಹಳೆಯ ಅಸ್ತ್ರಗಳನ್ನು ತೆಗೆದರು. "ಮೊದ್ಲೇ ಹೇಳ್ಬುಡ್ತೀನಿ. ಈ ಕೂಸು ರಾತ್ರಿಯೆಲ್ಲಾ ಅಳ್ತದೆ."

"ಅಳ್ದೆ ಇನ್ನೇನು ಮಾಡ್ತದೆ? ಮೈ ಸರಿಯಾಗಿ ತಿಕ್ಕಿದ್ರೆ ತಾನೇ ನಿದ್ದೆ."

"ದಿನಕ್ಕೆ ರಾಶಿ ಬಟ್ಟೆ ಮಾಡ್ತದೆ."

"ಮೇಲೆ ಬಿದಿರು ಕಟ್ಟಿರೋದು ನಾನು ಜೋತಾಡಕ್ಕಲ್ಲ. ಬೆಳಗ್ಗೆ ಹಾಕಿದ್ರೆ ಮಧ್ಯಾಹ್ನಕ್ಕೆ ಒಣಗಿರ್ತಾವೆ."

"ಇವಳು ಇಸ್ಕೂಲಿಗೆ ಹೋಯ್ತಾಳೆ. ನೋಡ್ಕಳಕ್ಕೆ ಯಾರೂ ಇಲ್ಲ."

ಯಜಮಾನಿ ತಲೆಯೆತ್ತಿ ನನ್ನನ್ನು ನೋಡಿದರು. "ಅಯ್ಯೋ, ನಾನಿಲ್ವಾ ಟೀಚರಮ್ಮ? ನೀವು ಹೋಗಿ ಬನ್ನಿ. ಒಂದ್ ಮೂರು ತಿಂಗಳು ನನ್ನ ಕೈಗೆ ಬಿಡಿ, ತಲೆ ಗುಂಡ್ಗೆ ಮಾಡಿ ಕೊಡ್ತೀನಿ."

ಅತ್ತೆ ಒಣಬಟ್ಟೆಗೆ ಚೀಲ ತಡಕಾಡತೊಡಗಿದರು.

ನೀರು ಹಾಕಿ, ಒರೆಸಿ, ಬಿಗಿಯಾಗಿ ಸುತ್ತಿ, ಒಲೆಯ ಬೆಚ್ಚಗಿನ ಪಕ್ಕದಲ್ಲಿ ಮಲಗಿಸಿದರೆ ನನ್ನ ಮಗಳು ತಕ್ಷಣ ನಿದ್ದೆ ಹೋದಳು. ನಾವು ಕಾಫಿ ಕುಡಿದೆವು, ಅವಳು ಏಳಲಿಲ್ಲ. ಕೋಣೆ ನೋಡಿದೆವು, ಅವಳು ಏಳಲಿಲ್ಲ. ಯಜಮಾನಿ ಹಿಂದಿನ ಬಾಡಿಗೆಯವರನ್ನು ಹೆಸರು ಹಿಡಿದು ಬೈದು ಮುಗಿಸುವವರೆಗೂ, ಅದು ಸಣ್ಣ ಹೊತ್ತೇನಲ್ಲ, ಅವಳು ಏಳಲಿಲ್ಲ. ಅತ್ತೆ ಮತ್ತೆ ಮತ್ತೆ ಹೋಗಿ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿ ಬರುತ್ತಿದ್ದರು. ಆ ಕೂಸು ಅವರಿಗೆ ಮಾಡಿದಂಥ ಅವಮಾನವನ್ನು ನಾನು ಸೊಸೆಯಾಗಿ ಯಾವತ್ತೂ ಮಾಡಿರಲಿಲ್ಲ.

ಹೊರಡುವಾಗ ಯಜಮಾನಿ ನಮಗೆ ಏನೂ ಕೊಡಲಿಲ್ಲ. ಅಡುಗೆಮನೆ ಕಡೆ ತಿರುಗಲೂ ಇಲ್ಲ. "ಹಾಲು ಉಕ್ಸಕ್ಕೆ ಯಾವತ್ತು ಬತ್ತೀರಾ?" ಎಂದರು, ಅಷ್ಟೇ. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆ ಎಂದು ಹೇಳಿದೆ.

ದಾರಿಯುದ್ದಕ್ಕೂ ಅತ್ತೆ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದರು. ಆಲೂರಿಗೆ ಹೊರಡುವ ಮಾತು ಈಗ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಗೆದ್ದವಳಿಗೆ ಆಗಬೇಕಾದಷ್ಟು ಖುಷಿ ನನಗೇನೂ ಆಗುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಅವರು ಇದ್ದಕ್ಕಿದ್ದಂತೆ ನಿಂತರು.

"ಅವಳು ಕಾಲು ನೀವೋದು ನೋಡ್ದಾ? ಹಂಗಾ ನೀವೋದು? ಕೂಸಿನ ಕಾಲು ಸೊಟ್ಟ ಆಗೋಯ್ತದೆ."

"ಏನು ಮಾಡೋದು ಅತ್ತೆ. ನೋಡಿಕೊಳ್ಳೋಕೆ ಇನ್ಯಾರು ಇದ್ದಾರೆ."

"ಇನ್ಯಾರು ಅಂದ್ರೆ? ನಾನೇನು ಸತ್ತೋಗಿದೀನಾ?"

"ಕೋಳಿ?"

"ಕೋಳಿ ಬುಟ್ಟೀಲಿ ಬತ್ತವೆ. ಅವಕ್ಕೇನು ಬೇರೆ ಟಿಕೆಟ್ಟಾ?"

ಹಾಗೆ ಭಾನುವಾರ ಹಾಲು ಉಕ್ಕಿತು. ಗಂಡ ಒಂದು ಜೀಪು ಮಾಡಿಕೊಂಡು ಆಲೂರಿನಿಂದ ತೊಟ್ಟಿಲು, ಅತ್ತೆ, ಕೋಳಿ ಮೂರನ್ನೂ ತಂದರು. ಕೋಳಿಗಳಿಗೆ ಹಿತ್ತಿಲಲ್ಲಿ ಎಲ್ಲಿ ಗೂಡು ಹಾಕಬೇಕು ಎಂಬ ವಿಷಯಕ್ಕೆ ಮೊದಲ ದಿನವೇ ಜಗಳವಾಯಿತು. ಎರಡನೆಯ ದಿನದ ಜಗಳ ಸೌದೆಗೆ. ಯಜಮಾನರು ಮೆಣಸಿನ ಮೊರ ತೆಗೆದುಕೊಂಡು ಗದ್ದೆ ಬದಿಗೆ ಹೋಗಿ ಕೂರತೊಡಗಿದರು.

ನಾನು ಶಾಲೆಗೆ ಹೋದ ಮೊದಲ ದಿನ ಯಾವ ಪಾಠ ಮಾಡಿದೆನೋ ಆ ಮಕ್ಕಳೇ ಹೇಳಬೇಕು. ಬೆಲ್ ಹೊಡೆದ ಕೂಡಲೇ ಓಡಿದೆ. ದೂರದಿಂದಲೇ ಇಬ್ಬರ ಗಂಟಲೂ ಕೇಳಿಸಿತು. ಬೆಳಗ್ಗೆ ಅತ್ತೆ ಮಗಳಿಗೆ ನೀರು ಹಾಕಿದ್ದರು. ಅದು ಸರಿಯಾಗಿಲ್ಲವೆಂದು ಯಜಮಾನಿ, ಅತ್ತೆ ಕೋಳಿಗೆ ಕಾಳು ಹಾಕಲು ಹೋದ ಹೊತ್ತು ನೋಡಿ, ಇನ್ನೊಂದು ಸಲ ಹಾಕಿದ್ದರು. ಹೋಬಳಿಯಲ್ಲೇ ಅಷ್ಟು ಚೊಕ್ಕಟವಾದ ಕೂಸು ಇನ್ನೊಂದಿರಲಿಲ್ಲ. ಅದು ತೊಟ್ಟಿಲಲ್ಲಿ ಕೈಕಾಲು ಚೆಲ್ಲಿ ಮಲಗಿತ್ತು.

ನಾನು ಬಗ್ಗಿ ಎತ್ತಿಕೊಳ್ಳಲು ಹೋದೆ.

"ಮುಟ್ಟಬ್ಯಾಡ," ಎಂದರು ಅತ್ತೆ.

"ಈಗ ತಾನೇ ಕಣ್ಣು ಮುಚ್ಚೈತೆ ಟೀಚರಮ್ಮ," ಎಂದರು ಯಜಮಾನಿ.

"ಹಾಲು ಕೊಡೋಕೆ ಬಂದೆ. ಮತ್ತೆ ಬೆಲ್ ಆಗುತ್ತೆ."

"ಬೆಲ್ ಕೇಳಿ ಕೂಸು ಹಾಲು ಕುಡೀತದಾ?" ಎಂದರು ಅತ್ತೆ. ಯಜಮಾನಿ ಹೌದು ಹೌದು ಎಂದು ತಲೆಯಾಡಿಸಿದರು. ಆ ಇಬ್ಬರು ಒಂದು ವಿಷಯಕ್ಕೆ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು, ಅದೂ ನನ್ನ ವಿರುದ್ಧ. ಶಾಲೆಯ ಸೀರೆಯಲ್ಲಿ, ಬೆರಳಿನ ಚಾಕ್‌ಪುಡಿಯನ್ನೂ ಒರೆಸಿಕೊಳ್ಳದೆ, ತೊಟ್ಟಿಲ ಪಕ್ಕ ನೆಲದ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ಅವಳು ತಾನೇ ಕಣ್ಣು ಬಿಟ್ಟು, ಯಾರು ಬಂದಿದ್ದಾರೆ ಎಂದು ನೋಡಿ, ಬಾಯಿ ಚಪ್ಪರಿಸಿದಳು. ಅವತ್ತು ಮಧ್ಯಾಹ್ನದ ಮೊದಲ ಪೀರಿಯಡ್ಡಿಗೆ ನಾನು ತಡವಾಗಿ ಹೋದೆ. ಹೆಡ್‌ಮಾಸ್ಟರು ಗಡಿಯಾರ ನೋಡಿದರು, ನನ್ನ ಮುಖ ನೋಡಿದರು, ಕ್ಲಾಸಿನ ಕಡೆ ಕೈ ತೋರಿಸಿದರು.

ನಾನು ಹೇಳಬೇಕಾದ್ದು ಮುಗಿಯಿತು. ಇನ್ನು ನಿಮ್ಮದು. ಮಗು ಎತ್ತಿಕೊಂಡು ಮನೆ ಕೇಳಲು ಹೋದಾಗ ನಿಮಗೆ ಏನು ಹೇಳಿದರು, ಯಾವ ನೆಪ ಕೊಟ್ಟರು, ಕೊನೆಗೆ ಯಾರು ಬಾಗಿಲು ತೆಗೆದರು, ಕೆಳಗೆ ಬರೆಯಿರಿ. ಮನೆ ಬಾಡಿಗೆಗೆ ಕೊಡುವವರೂ ಇಲ್ಲಿದ್ದೀರಿ, ನನಗೆ ಗೊತ್ತು. ಕೂಸು ಇರುವವರಿಗೆ ಆಗುವುದಿಲ್ಲ ಎಂದು ಕಳಿಸಿದವರು ಯಾಕೆ ಎಂದು ನೀವೂ ಬರೆಯಿರಿ. ಬೈಯುವುದಿಲ್ಲ. ಬೈಯುವ ಕೆಲಸಕ್ಕೆ ನಮ್ಮನೆಯಲ್ಲಿ ಬೇರೆ ಇಬ್ಬರಿದ್ದಾರೆ.